ಹೆಸರಿನಿಂದ ವಿಳಾಸಕ್ಕೆ: ಡೊಮೈನ್‌ಗೆ ಡಿಎನ್‌ಎಸ್ ದಾಖಲೆ ಬರೆಯುವುದು ಹೇಗೆ?



ಪಿಯುಸಿ ಫಲಿತಾಂಶದ ದಿನ ನೀವೆಲ್ಲ ಬ್ರೌಸರ್‌ನಲ್ಲಿ ಟೈಪ್ ಮಾಡುವ ಹೆಸರು ಕರ್‌ರಿಸಲ್ಟ್ಸ್.ಎನ್‌ಐಸಿ.ಇನ್. ನೀವು ಟೈಪ್ ಮಾಡುವುದು ಹೆಸರನ್ನು. ಆದರೆ ಇಂಟರ್‌ನೆಟ್‌ನಲ್ಲಿ ಒಂದು ಕಂಪ್ಯೂಟರ್ ಇನ್ನೊಂದನ್ನು ತಲುಪುವುದು ಸಂಖ್ಯೆಯ ಮೂಲಕ. ಆ ಸಂಖ್ಯೆಯೇ ಐಪಿ ವಿಳಾಸ. ಹೆಸರು ಕೊಟ್ಟರೆ ವಿಳಾಸ ತಿಳಿಸುವ ವ್ಯವಸ್ಥೆಗೆ ಡೊಮೈನ್ ನೇಮ್ ಸಿಸ್ಟಮ್ ಅಥವಾ ಡಿಎನ್‌ಎಸ್ ಎನ್ನುತ್ತಾರೆ.

ಇದರ ವ್ಯಾಖ್ಯೆಯನ್ನು ಕಂಪ್ಯೂಟರ್ ಸೈನ್ಸ್‌ನ ನೆಟ್‌ವರ್ಕ್ ಅಧ್ಯಾಯದಲ್ಲಿ ಓದಿರುತ್ತೀರಿ. ಪರೀಕ್ಷೆಯ ಎರಡು ಅಂಕಕ್ಕೆ ಅಷ್ಟು ಸಾಕು. ಆದರೆ ನಾಳೆ ಒಂದು ಅಂಗಡಿಗೋ, ಒಂದು ಸಂಘಕ್ಕೋ, ನಿಮ್ಮದೇ ಪ್ರಾಜೆಕ್ಟ್‌ಗೋ ವೆಬ್‌ಸೈಟ್ ಮಾಡಿದರೆ ಆ ಡೊಮೈನ್‌ನ ದಾಖಲೆಗಳನ್ನು ನೀವೇ ಬರೆಯಬೇಕಾಗುತ್ತದೆ. ಒಂದು ಸಾಲು ತಪ್ಪಿದರೆ ಸೈಟ್ ತೆರೆಯುವುದಿಲ್ಲ, ಇನ್ನೊಂದು ಸಾಲು ತಪ್ಪಿದರೆ ಇಮೇಲ್ ಬರುವುದಿಲ್ಲ. ಹಾಗಾಗಿ ಈ ಪಾಠ.

ಒಂದು ಸೂಚನೆ: ಇಲ್ಲಿ ಹೆಸರುಗಳನ್ನು ಓದಲು ಅನುಕೂಲವಾಗಲೆಂದು ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಕಂಪ್ಯೂಟರ್‌ನಲ್ಲಿ ಮಾಡಿ ನೋಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಉದಾಹರಣೆಗೆ ಬಳಸಿರುವ ಎಕ್ಸಾಂಪಲ್.ಕಾಮ್ ಎಂಬ ಹೆಸರನ್ನೂ 203.0.113 ಎಂದು ಆರಂಭವಾಗುವ ವಿಳಾಸಗಳನ್ನೂ ಪಾಠ ಮತ್ತು ಪುಸ್ತಕಗಳ ಬಳಕೆಗೆಂದೇ ಮೀಸಲಿಡಲಾಗಿದೆ.

ಒಂದೇ ಪಟ್ಟಿ ಸಾಲದಾದಾಗ

1970ರ ದಶಕದಲ್ಲಿ ಅಮೆರಿಕದ ಆರ್ಪಾನೆಟ್ ಎಂಬ ಜಾಲದಲ್ಲಿ ಕೆಲವು ನೂರು ಕಂಪ್ಯೂಟರ್‌ಗಳಷ್ಟೇ ಇದ್ದವು. ಅವುಗಳ ಹೆಸರು ಮತ್ತು ವಿಳಾಸಗಳೆಲ್ಲ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೀನ್ಲರ್ ಅವರ ತಂಡ ಆ ಕಡತವನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಸೇರಿದರೆ ಅವರಿಗೆ ತಿಳಿಸಬೇಕು, ಅವರು ಕಡತದಲ್ಲಿ ಸೇರಿಸಬೇಕು, ಉಳಿದವರೆಲ್ಲ ಹೊಸ ಪ್ರತಿ ತರಿಸಿಕೊಳ್ಳಬೇಕು. ಜಾಲ ಬೆಳೆದಂತೆ ಇದು ನಡೆಯದಾಯಿತು.

1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಅದರ ತಿರುಳು ಇಷ್ಟು: ಇಡೀ ಲೋಕದ ಪಟ್ಟಿ ಯಾರ ಬಳಿಯೂ ಇರಬೇಕಾಗಿಲ್ಲ. ಯಾರ ಮನೆಯ ಲೆಕ್ಕವನ್ನು ಅವರೇ ಇಟ್ಟುಕೊಳ್ಳಲಿ, ಆ ಲೆಕ್ಕ ಯಾರ ಬಳಿ ಇದೆ ಎಂಬುದನ್ನು ಮಾತ್ರ ಮೇಲಿನವರು ಹೇಳಲಿ. ಇಂದಿಗೂ ಇಂಟರ್‌ನೆಟ್ ನಡೆಯುತ್ತಿರುವುದು ಇದೇ ನಿಯಮದ ಮೇಲೆ. ಮುಂದೆ ಬರುವ ಎಲ್ಲ ಕೆಲಸಕ್ಕೂ ಇದೇ ಅಡಿಪಾಯ.

ಬಲದಿಂದ ಎಡಕ್ಕೆ ಓದಿ

ಡೊಮೈನ್ ಹೆಸರನ್ನು ಬಲದಿಂದ ಎಡಕ್ಕೆ ಓದಬೇಕು. ಉರ್ದು, ಅರಬಿ ಓದಿ ರೂಢಿಯಿರುವವರಿಗೆ ಇದು ಹೊಸದಲ್ಲ. ಕರ್‌ರಿಸಲ್ಟ್ಸ್.ಎನ್‌ಐಸಿ.ಇನ್ ಎಂಬ ಹೆಸರನ್ನು ನೀವು ಟೈಪ್ ಮಾಡಿದಾಗ ನಡೆಯುವ ಹುಡುಕಾಟ ಹೀಗಿರುತ್ತದೆ:

1. ನಿಮ್ಮ ಮೊಬೈಲ್ ಮೊದಲು ರಿಸಾಲ್ವರ್ ಎಂಬ ಸರ್ವರ್ ಅನ್ನು ಕೇಳುತ್ತದೆ. ಸಾಮಾನ್ಯವಾಗಿ ಇದು ನಿಮಗೆ ಇಂಟರ್‌ನೆಟ್ ಕೊಡುವ ಕಂಪನಿಯದು. ಉಳಿದ ಓಡಾಟವೆಲ್ಲ ಇದರದೇ.

2. ರಿಸಾಲ್ವರ್ ರೂಟ್ ಸರ್ವರ್ ಅನ್ನು ಕೇಳುತ್ತದೆ. ರೂಟ್ ಸರ್ವರ್‌ಗಳಿಗೆ ಎ ಯಿಂದ ಎಂ ವರೆಗೆ 13 ಹೆಸರುಗಳಿವೆ, ಪ್ರತಿ ಹೆಸರಿನ ಹಿಂದೆ ಜಗತ್ತಿನ ಹಲವೆಡೆ ಇಟ್ಟಿರುವ ಅನೇಕ ಯಂತ್ರಗಳಿವೆ. ರೂಟ್‌ಗೆ ನಮ್ಮ ಸೈಟ್ ಗೊತ್ತಿಲ್ಲ. ಅದು ಹೇಳುವುದು, "ಡಾಟ್ ಇನ್ ನೋಡಿಕೊಳ್ಳುವವರು ಇಂಥವರು, ಅವರನ್ನು ಕೇಳು" ಎಂದಷ್ಟೇ.

3. ಡಾಟ್ ಇನ್ ಸರ್ವರ್, "ಎನ್‌ಐಸಿ.ಇನ್ ನ ಲೆಕ್ಕ ಈ ನೇಮ್‌ಸರ್ವರ್‌ಗಳಲ್ಲಿದೆ" ಎಂದು ತೋರಿಸುತ್ತದೆ.

4. ಆ ನೇಮ್‌ಸರ್ವರ್‌ಗಳಿಂದ ರಿಸಾಲ್ವರ್ ಬೇಕಾದ ವಿಳಾಸವನ್ನು ಪಡೆಯುತ್ತದೆ.

5. ಉತ್ತರವನ್ನು ನಿಮಗೆ ಕೊಡುತ್ತದೆ, ತನ್ನ ಬಳಿಯೂ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಮುಂದೆ ಅದೇ ಹೆಸರನ್ನು ಬೇರೆ ವಿದ್ಯಾರ್ಥಿ ಕೇಳಿದರೆ ಮತ್ತೆ ಓಡಾಡದೆ ಆ ಪ್ರತಿಯಿಂದಲೇ ಹೇಳುತ್ತದೆ. ಹೀಗೆ ಇಟ್ಟುಕೊಳ್ಳುವುದಕ್ಕೆ ಕ್ಯಾಶ್ ಎನ್ನುತ್ತಾರೆ.

ಇಲ್ಲಿಯವರೆಗಿನದು ವಿಳಾಸ ಹುಡುಕುವ ಕೆಲಸ ಮಾತ್ರ. ಪುಟವನ್ನು ತರಿಸುವ ಕೆಲಸ ಆಮೇಲಿನದು. ಆದ್ದರಿಂದ "ಸೈಟ್ ತೆರೆಯುತ್ತಿಲ್ಲ" ಎಂದರೆ ಎರಡು ಬೇರೆ ಬೇರೆ ಕಾಯಿಲೆ ಇರಬಹುದು. ಹೆಸರಿಗೆ ವಿಳಾಸವೇ ಸಿಗಲಿಲ್ಲ ಎಂಬ ಸಂದೇಶ ಬಂದರೆ ಡಿಎನ್‌ಎಸ್ ಕಡೆ ನೋಡಬೇಕು. ಸರ್ವರ್ ಉತ್ತರಿಸಲು ಬಹಳ ಹೊತ್ತು ತೆಗೆದುಕೊಂಡಿತು ಎಂಬ ಸಂದೇಶ ಬಂದರೆ ಸಾಮಾನ್ಯವಾಗಿ ವಿಳಾಸ ಸಿಕ್ಕಿದೆ, ಅಲ್ಲಿಯ ಸರ್ವರ್ ಅಥವಾ ದಾರಿಯಲ್ಲಿ ತೊಂದರೆ ಇದೆ ಎಂದರ್ಥ.

ಯಾರ ಕೈಯಲ್ಲಿ ಏನಿದೆ?

ದಾಖಲೆ ಬರೆಯಲು ಕೂರುವ ಮೊದಲು ಈ ನಾಲ್ವರನ್ನು ಬೇರೆ ಬೇರೆಯಾಗಿ ಗುರುತಿಸಬೇಕು.

ರಿಜಿಸ್ಟ್ರಿ: ಒಂದು ಕೊನೆಪದದ ಪೂರ್ತಿ ಪುಸ್ತಕ ಇಟ್ಟುಕೊಳ್ಳುವ ಸಂಸ್ಥೆ. ಡಾಟ್ ಇನ್‌ಗೆ ಇದು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ಡಾಟ್ ಕಾಮ್‌ಗೆ ವೆರಿಸೈನ್.

ರಿಜಿಸ್ಟ್ರಾರ್: ನಾವು ಹಣ ಕೊಟ್ಟು ಹೆಸರನ್ನು ನೋಂದಾಯಿಸುವ ಕಂಪನಿ. ಶಿಕ್ಷಣ ಸಂಸ್ಥೆಗಳಿಗೆ ಮೀಸಲಾದ ಎಸಿ.ಇನ್ ಮತ್ತು ಇಡಿಯು.ಇನ್ ಹೆಸರುಗಳನ್ನು ಅರ್ನೆಟ್ ಇಂಡಿಯಾ ಕೊಡುತ್ತದೆ.

ಡಿಎನ್‌ಎಸ್ ಹೋಸ್ಟ್: ನಮ್ಮ ದಾಖಲೆಗಳಿರುವ ನೇಮ್‌ಸರ್ವರ್‌ಗಳನ್ನು ನಡೆಸುವವರು.

ವೆಬ್ ಹೋಸ್ಟ್: ನಮ್ಮ ಪುಟಗಳಿರುವ ಸರ್ವರ್‌ನವರು.

ಈ ಕೊನೆಯ ಮೂರು ಕೆಲಸವನ್ನೂ ಒಂದೇ ಕಂಪನಿ ಮಾಡಬಹುದು, ಮೂರು ಬೇರೆ ಕಂಪನಿಗಳೂ ಮಾಡಬಹುದು. ಹೊಸಬರು ಎಡವುವುದು ಇಲ್ಲೇ. ರಿಜಿಸ್ಟ್ರಾರ್‌ನ ಪ್ಯಾನೆಲ್‌ನಲ್ಲಿ ದಾಖಲೆ ಬದಲಿಸಿ, ಏನೂ ಆಗಲಿಲ್ಲವೆಂದು ತಲೆ ಕೆಡಿಸಿಕೊಳ್ಳುತ್ತಾರೆ. ಆ ಡೊಮೈನ್‌ನ ನೇಮ್‌ಸರ್ವರ್ ಬೇರೆ ಕಂಪನಿಯದಾಗಿದ್ದರೆ, ಇಲ್ಲಿ ಬರೆದದ್ದನ್ನು ಯಾರೂ ಓದುವುದಿಲ್ಲ. ನೇಮ್‌ಸರ್ವರ್ ಯಾರದೋ ಅಲ್ಲಿ ಬರೆದದ್ದಷ್ಟೇ ದಾಖಲೆ.

ದಾಖಲೆಗಳ ಪರಿಚಯ

ಪ್ರತಿ ದಾಖಲೆಯಲ್ಲಿ ನಾಲ್ಕು ಭಾಗಗಳಿರುತ್ತವೆ: ಹೆಸರು, ಬಗೆ, ಮೌಲ್ಯ ಮತ್ತು ಟಿಟಿಎಲ್. ಟಿಟಿಎಲ್ ಎಂದರೆ ಉತ್ತರದ ಪ್ರತಿಯನ್ನು ಎಷ್ಟು ಸೆಕೆಂಡ್ ಇಟ್ಟುಕೊಳ್ಳಬಹುದು ಎಂಬ ಸಂಖ್ಯೆ. ಮುಖ್ಯ ಬಗೆಗಳು ಇವು:

ಎ ದಾಖಲೆ: ಹೆಸರಿಗೆ ಐಪಿವಿ4 ವಿಳಾಸ ಕೊಡುತ್ತದೆ. ಐಪಿವಿ4 ವಿಳಾಸ 32 ಬಿಟ್‌ನದು. 0ಯಿಂದ 255ರವರೆಗಿನ ನಾಲ್ಕು ಸಂಖ್ಯೆಗಳಾಗಿ ಬರೆಯುತ್ತೇವೆ.

ಎಎಎಎ ದಾಖಲೆ: ಐಪಿವಿ6 ವಿಳಾಸ ಕೊಡುತ್ತದೆ. ಅದು 128 ಬಿಟ್, ಅಂದರೆ 32ರ ನಾಲ್ಕು ಪಟ್ಟು. ನಾಲ್ಕು ಎ ಏಕೆ ಎಂಬುದು ಇನ್ನು ಮರೆಯುವುದಿಲ್ಲ. ಸರ್ವರ್‌ಗೆ ಐಪಿವಿ6 ಇಲ್ಲದಿದ್ದರೆ ಈ ಸಾಲನ್ನು ಬರೆಯಬಾರದು.

ಸಿನೇಮ್ ದಾಖಲೆ: "ಈ ಹೆಸರು ಆ ಹೆಸರಿನ ಇನ್ನೊಂದು ಹೆಸರು" ಎನ್ನುತ್ತದೆ. ಇದರ ಮೌಲ್ಯ ಯಾವಾಗಲೂ ಒಂದು ಹೆಸರು, ಸಂಖ್ಯೆಯಲ್ಲ. ಸಿನೇಮ್ ಇರುವ ಹೆಸರಿಗೆ ಎ, ಎಂಎಕ್ಸ್ ಮುಂತಾದ ಬೇರೆ ದಾಖಲೆ ಇರುವಂತಿಲ್ಲ. ಮೂಲ ಡೊಮೈನ್‌ಗೆ ಎನ್‌ಎಸ್ ದಾಖಲೆ ಇರಲೇಬೇಕಾದ್ದರಿಂದ, ಮೂಲ ಹೆಸರಿಗೆ ಸಿನೇಮ್ ಹಾಕುವಂತಿಲ್ಲ.

ಎಂಎಕ್ಸ್ ದಾಖಲೆ: ಈ ಡೊಮೈನ್‌ನ ಇಮೇಲ್ ಯಾವ ಸರ್ವರ್‌ಗೆ ಹೋಗಬೇಕು ಎಂದು ಹೇಳುತ್ತದೆ. ಜೊತೆಗೊಂದು ಆದ್ಯತೆಯ ಸಂಖ್ಯೆ ಇರುತ್ತದೆ. ಚಿಕ್ಕ ಸಂಖ್ಯೆಗೆ ಮೊದಲ ಆದ್ಯತೆ. ಇದರ ಮೌಲ್ಯವೂ ಹೆಸರೇ ಆಗಿರಬೇಕು.

ಟಿಎಕ್ಸ್‌ಟಿ ದಾಖಲೆ: ಬರಿಯ ಪಠ್ಯ. "ನಮ್ಮ ಹೆಸರಿನಲ್ಲಿ ಇಮೇಲ್ ಕಳುಹಿಸಲು ಈ ಸರ್ವರ್‌ಗಳಿಗೆ ಮಾತ್ರ ಅನುಮತಿ" ಎಂದು ಸಾರುವ ಎಸ್‌ಪಿಎಫ್ ಸಾಲು ಇದರಲ್ಲೇ ಇರುತ್ತದೆ. ಒಂದು ಹೆಸರಿಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಎರಡು ಇದ್ದರೆ ತಪಾಸಣೆಯೇ ವಿಫಲವಾಗುತ್ತದೆ.

ಎನ್‌ಎಸ್ ದಾಖಲೆ: ಈ ಡೊಮೈನ್‌ನ ಲೆಕ್ಕ ಯಾವ ನೇಮ್‌ಸರ್ವರ್‌ಗಳಲ್ಲಿದೆ ಎಂದು ಹೇಳುತ್ತದೆ. ಕನಿಷ್ಠ ಎರಡು ಇರಬೇಕು.

ಕೊನೆಯದು ಏಕೆ ಮುಖ್ಯ ಎಂಬುದನ್ನು 2021ರ ಅಕ್ಟೋಬರ್ 4ರ ರಾತ್ರಿ ನಾವೆಲ್ಲ ಕಂಡಿದ್ದೇವೆ. ಆ ದಿನ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ನಿಂತುಹೋದವು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ಕಂಪನಿಯ ಒಳಜಾಲ ಕಡಿದುಹೋಯಿತು. ಅದರ ಪರಿಣಾಮವಾಗಿ ಅವರ ನೇಮ್‌ಸರ್ವರ್‌ಗಳಿಗೆ ಹೋಗುವ ದಾರಿಯೂ ಇಂಟರ್‌ನೆಟ್‌ನಿಂದ ಮರೆಯಾಯಿತು. ದಾಖಲೆಗಳು ಅಳಿದಿರಲಿಲ್ಲ, ಅವನ್ನು ಓದಿ ಹೇಳುವವರನ್ನು ತಲುಪಲು ದಾರಿ ಇರಲಿಲ್ಲ. ನೇಮ್‌ಸರ್ವರ್‌ಗಳು ಎರಡಿದ್ದರೆ ಸಾಲದು, ಅವು ಬೇರೆ ಬೇರೆ ಜಾಲದಲ್ಲಿರುವುದು ಒಳ್ಳೆಯದು ಎನ್ನುವುದು ಇದಕ್ಕಾಗಿ.

ಬರೆದು ನೋಡೋಣ

ಎಕ್ಸಾಂಪಲ್.ಕಾಮ್ ನಮ್ಮದು ಎಂದುಕೊಳ್ಳೋಣ. ವೆಬ್ ಸರ್ವರ್‌ನ ವಿಳಾಸ 203.0.113.25, ಮೇಲ್ ಸರ್ವರ್‌ನ ವಿಳಾಸ 203.0.113.40. ಆಗ ಪ್ಯಾನೆಲ್‌ನಲ್ಲಿ ಬರೆಯಬೇಕಾದ ಸಾಲುಗಳು:

(1) ಹೆಸರು: @. ಬಗೆ: ಎ. ಮೌಲ್ಯ: 203.0.113.25. ಟಿಟಿಎಲ್: 3600.
(2) ಹೆಸರು: ಮೂರು ಡಬ್ಲ್ಯು. ಬಗೆ: ಸಿನೇಮ್. ಮೌಲ್ಯ: ಎಕ್ಸಾಂಪಲ್.ಕಾಮ್. ಟಿಟಿಎಲ್: 3600.
(3) ಹೆಸರು: ಮೇಲ್. ಬಗೆ: ಎ. ಮೌಲ್ಯ: 203.0.113.40. ಟಿಟಿಎಲ್: 3600.
(4) ಹೆಸರು: @. ಬಗೆ: ಎಂಎಕ್ಸ್. ಆದ್ಯತೆ: 10. ಮೌಲ್ಯ: ಮೇಲ್.ಎಕ್ಸಾಂಪಲ್.ಕಾಮ್. ಟಿಟಿಎಲ್: 3600.
(5) ಹೆಸರು: @. ಬಗೆ: ಟಿಎಕ್ಸ್‌ಟಿ. ಮೌಲ್ಯ: ಮೇಲ್ ಸೇವೆಯವರು ಕೊಟ್ಟ ಎಸ್‌ಪಿಎಫ್ ಸಾಲು, ಅಕ್ಷರವೂ ವ್ಯತ್ಯಾಸವಾಗದಂತೆ. ಟಿಟಿಎಲ್: 3600.

@ ಎಂದರೆ ಮೂಲ ಡೊಮೈನ್ ಎಂದರ್ಥ. ಎರಡನೆಯ ಸಾಲನ್ನು ಗಮನಿಸಿ. ಮೂರು ಡಬ್ಲ್ಯು ಇರುವ ಹೆಸರು ಮತ್ತು ಇಲ್ಲದ ಹೆಸರು ಡಿಎನ್‌ಎಸ್ ಲೆಕ್ಕದಲ್ಲಿ ಎರಡು ಬೇರೆ ಹೆಸರುಗಳು. ಎರಡಕ್ಕೂ ದಾಖಲೆ ಬೇಕು. ಕೆಲವರಿಗೆ ತೆರೆಯುತ್ತದೆ, ಕೆಲವರಿಗೆ ತೆರೆಯುವುದಿಲ್ಲ ಎಂಬ ದೂರು ಬಂದರೆ, ಯಾರು ಯಾವ ಹೆಸರು ಟೈಪ್ ಮಾಡುತ್ತಿದ್ದಾರೆ ಎಂದು ಮೊದಲು ಕೇಳಿ.

ಹೆಸರಿನ ಖಾನೆಯಲ್ಲಿ "ಮೇಲ್" ಎಂದಷ್ಟೇ ಬರೆಯಬೇಕು. ಬಹುತೇಕ ಪ್ಯಾನೆಲ್‌ಗಳು ಉಳಿದ ಭಾಗವನ್ನು ತಾವೇ ಸೇರಿಸುತ್ತವೆ. ಅಲ್ಲಿ ಪೂರ್ತಿ ಹೆಸರು ಬರೆದರೆ ಕೆಲವು ಪ್ಯಾನೆಲ್‌ಗಳಲ್ಲಿ ಅದು ಮೇಲ್.ಎಕ್ಸಾಂಪಲ್.ಕಾಮ್.ಎಕ್ಸಾಂಪಲ್.ಕಾಮ್ ಆಗಿಬಿಡುತ್ತದೆ.

ಬದಲಾವಣೆ ಹರಡುವುದಿಲ್ಲ, ಹಳೆಯದು ತೀರುತ್ತದೆ

"ಡಿಎನ್‌ಎಸ್ ಬದಲಾವಣೆ ಜಗತ್ತಿಗೆಲ್ಲ ಹರಡಲು 24ರಿಂದ 48 ಗಂಟೆ ಬೇಕು" ಎಂಬ ಮಾತನ್ನು ಎಲ್ಲೆಡೆ ಕೇಳುತ್ತೀರಿ. ಈ ಮಾತು ದಾರಿ ತಪ್ಪಿಸುತ್ತದೆ. ನಾವು ದಾಖಲೆ ಬದಲಿಸಿದರೆ ಅದನ್ನು ಯಾರೂ ಊರೂರಿಗೆ ಹೊತ್ತುಕೊಂಡು ಹೋಗುವುದಿಲ್ಲ. ನಮ್ಮ ನೇಮ್‌ಸರ್ವರ್‌ನಲ್ಲಿ ಹೊಸ ಉತ್ತರ ಕೂಡಲೇ ಸಿದ್ಧವಾಗಿರುತ್ತದೆ. ಆದರೆ ರಿಸಾಲ್ವರ್‌ಗಳ ಬಳಿ ಇರುವ ಹಳೆಯ ಪ್ರತಿ, ತನ್ನ ಟಿಟಿಎಲ್ ಮುಗಿಯುವವರೆಗೆ ಬದುಕಿರುತ್ತದೆ. ಅಂದರೆ ಕಾಯಬೇಕಾದ ಸಮಯವನ್ನು ನಿರ್ಧರಿಸುವವರು ನಾವೇ.

ಲೆಕ್ಕ ಮಾಡಿ ನೋಡೋಣ. ಎ ದಾಖಲೆಯ ಟಿಟಿಎಲ್ 86400, ಅಂದರೆ 24 ಗಂಟೆ. ಸೋಮವಾರ ಬೆಳಿಗ್ಗೆ 10ಕ್ಕೆ ಸೈಟ್ ಅನ್ನು ಹೊಸ ಸರ್ವರ್‌ಗೆ ಸಾಗಿಸಿ ದಾಖಲೆ ಬದಲಿಸಿದಿರಿ. ಭಾನುವಾರ 11ಕ್ಕೆ ಉತ್ತರ ಪಡೆದಿದ್ದ ರಿಸಾಲ್ವರ್ ಸೋಮವಾರ 11ರವರೆಗೆ ಹಳೆಯ ವಿಳಾಸ ಹೇಳುತ್ತದೆ. ಸೋಮವಾರ 9:55ಕ್ಕೆ ಪಡೆದಿದ್ದ ರಿಸಾಲ್ವರ್ ಮಂಗಳವಾರ 9:55ರವರೆಗೆ ಅದನ್ನೇ ಹೇಳುತ್ತದೆ. ಸೋಮವಾರ 10:05ಕ್ಕೆ ಮೊದಲ ಬಾರಿ ಕೇಳಿದ ರಿಸಾಲ್ವರ್‌ಗೆ ನೇರವಾಗಿ ಹೊಸದೇ ಸಿಗುತ್ತದೆ. ಒಂದೇ ತರಗತಿಯಲ್ಲಿ ಕುಳಿತ ಇಬ್ಬರಿಗೆ ಎರಡು ಬೇರೆ ಸೈಟ್ ಕಾಣುವುದು ಹೀಗೆ.

ಇದಕ್ಕೆ ಪರಿಹಾರ ಸರಳ. ಸಾಗಿಸುವುದಕ್ಕೆ ಕನಿಷ್ಠ ಒಂದು ದಿನ ಮೊದಲೇ ಟಿಟಿಎಲ್ ಅನ್ನು 300ಕ್ಕೆ ಇಳಿಸಿ. 86400ರ ಹಳೆಯ ಪ್ರತಿಗಳೆಲ್ಲ ಅಷ್ಟರಲ್ಲಿ ತೀರಿರುತ್ತವೆ. ಆಮೇಲೆ ವಿಳಾಸ ಬದಲಿಸಿದರೆ ಐದು ನಿಮಿಷದಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೊಸ ಸರ್ವರ್‌ಗೆ ಬರುತ್ತಾರೆ. ಎಲ್ಲ ಸರಿಯಿದೆ ಎಂದು ಖಚಿತವಾದ ಮೇಲೆ ಟಿಟಿಎಲ್ ಅನ್ನು ಮತ್ತೆ ಏರಿಸಿ. ಹಳೆಯ ಸರ್ವರ್ ಅನ್ನು ಒಂದೆರಡು ದಿನ ಮುಚ್ಚಬೇಡಿ.

"ಇಲ್ಲ" ಎಂಬ ಉತ್ತರವೂ ಕ್ಯಾಶ್‌ನಲ್ಲಿ ಉಳಿಯುತ್ತದೆ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ದಾಖಲೆ ಬರೆಯುವ ಮೊದಲೇ ಹೆಸರನ್ನು ಬ್ರೌಸರ್‌ನಲ್ಲಿ ಪರೀಕ್ಷಿಸಿದರೆ, ಅಂಥ ಹೆಸರಿಲ್ಲ ಎಂಬ ಉತ್ತರ ರಿಸಾಲ್ವರ್‌ನಲ್ಲಿ ಸ್ವಲ್ಪ ಕಾಲ ಕೂತುಬಿಡುತ್ತದೆ. ಮೊದಲು ಬರೆಯಿರಿ, ಆಮೇಲೆ ಪರೀಕ್ಷಿಸಿ.

ನೇಮ್‌ಸರ್ವರ್ ಬದಲಿಸುವಾಗ

ಒಂದು ದಾಖಲೆ ಬದಲಿಸುವುದು ಬೇರೆ, ನೇಮ್‌ಸರ್ವರ್‌ಗಳನ್ನೇ ಬದಲಿಸುವುದು ಬೇರೆ. ಎರಡನೆಯದು ಇಡೀ ಲೆಕ್ಕದ ಪುಸ್ತಕವನ್ನು ಬದಲಿಸಿದ ಹಾಗೆ. ಹೊಸ ಪುಸ್ತಕದಲ್ಲಿ ಇಲ್ಲದ್ದು ಇಲ್ಲವೇ ಇಲ್ಲ. ಹೊಸ ವೆಬ್ ಹೋಸ್ಟ್‌ನವರು "ನಮ್ಮ ನೇಮ್‌ಸರ್ವರ್ ಹಾಕಿ" ಎನ್ನುತ್ತಾರೆ. ಹಾಕಿದ ಕೂಡಲೇ ಸೈಟ್ ಚೆನ್ನಾಗಿ ತೆರೆಯುತ್ತದೆ, ಎಲ್ಲರಿಗೂ ಸಂತೋಷ. ಎರಡು ದಿನ ಕಳೆದ ಮೇಲೆ ಕಚೇರಿಯಲ್ಲಿ ಯಾರೋ ಕೇಳುತ್ತಾರೆ: ಇಮೇಲ್ ಏಕೆ ಬರುತ್ತಿಲ್ಲ? ಹಳೆಯ ಪುಸ್ತಕದ ಎಂಎಕ್ಸ್ ಮತ್ತು ಟಿಎಕ್ಸ್‌ಟಿ ಸಾಲುಗಳನ್ನು ಹೊಸದಕ್ಕೆ ಯಾರೂ ನಕಲು ಮಾಡಿರುವುದಿಲ್ಲ. ಪ್ರವೇಶದ ಅರ್ಜಿಗಳು ಬರುವ ವಾರದಲ್ಲಿ ಹೀಗಾದರೆ ನಷ್ಟ ಯಾರದು ಎಂದು ಯೋಚಿಸಿ.

ಆದ್ದರಿಂದ ಮೊದಲು ಹಳೆಯ ದಾಖಲೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಹೊಸ ನೇಮ್‌ಸರ್ವರ್‌ನಲ್ಲಿ ಒಂದೂ ಬಿಡದೆ ತುಂಬಿಸಿ, ಕೊನೆಯಲ್ಲಿ ರಿಜಿಸ್ಟ್ರಾರ್‌ನಲ್ಲಿ ನೇಮ್‌ಸರ್ವರ್ ಬದಲಿಸಿ. ಡಾಟ್ ಕಾಮ್ ಸರ್ವರ್‌ಗಳು ಕೊಡುವ ಎನ್‌ಎಸ್ ಉತ್ತರದ ಟಿಟಿಎಲ್ 172800, ಅಂದರೆ ಎರಡು ದಿನ. ಇದು ನಮ್ಮ ಕೈಯಲ್ಲಿಲ್ಲ. 48 ಗಂಟೆಯ ಮಾತಿನಲ್ಲಿ ನಿಜವಿರುವುದು ಇಲ್ಲಿ ಮಾತ್ರ. ಆ ಎರಡು ದಿನ ಹಳೆಯ ನೇಮ್‌ಸರ್ವರ್‌ನಲ್ಲೂ ಸರಿಯಾದ ದಾಖಲೆಗಳಿರಬೇಕು.

ಪರೀಕ್ಷಿಸುವ ಕ್ರಮ

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎನ್‌ಎಸ್‌ಲುಕಪ್ ಎಂಬ ಆದೇಶ ಇದೆ. ಅದರ ಮುಂದೆ ಡೊಮೈನ್ ಹೆಸರು ಬರೆದರೆ ವಿಳಾಸ ಹೇಳುತ್ತದೆ. ಹೆಸರಿನ ನಂತರ ಒಂದು ಸರ್ವರ್‌ನ ವಿಳಾಸವನ್ನೂ ಬರೆದರೆ ಆ ಸರ್ವರ್‌ನ್ನೇ ಕೇಳುತ್ತದೆ. ಗೂಗಲ್‌ನ ಸಾರ್ವಜನಿಕ ರಿಸಾಲ್ವರ್ 8.8.8.8, ಕ್ಲೌಡ್‌ಫ್ಲೇರ್‌ನದು 1.1.1.1. ಮೊದಲು ನಿಮ್ಮ ಡೊಮೈನ್‌ನ ಸ್ವಂತ ನೇಮ್‌ಸರ್ವರ್ ಅನ್ನು ಕೇಳಿ. ಅಲ್ಲಿ ತಪ್ಪಿದ್ದರೆ ದಾಖಲೆಯೇ ತಪ್ಪು. ಅಲ್ಲಿ ಸರಿಯಿದ್ದು ರಿಸಾಲ್ವರ್‌ನಲ್ಲಿ ಹಳೆಯದು ಬಂದರೆ ಅದು ಕ್ಯಾಶ್, ಕಾಯಬೇಕು. ರಿಸಾಲ್ವರ್‌ನಲ್ಲೂ ಸರಿಯಿದ್ದು ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ಹಳೆಯದು ತೆರೆದರೆ ಕ್ಯಾಶ್ ನಿಮ್ಮಲ್ಲೇ ಇದೆ.

ಹೆಸರು ಯಾರ ಹೆಸರಿನಲ್ಲಿದೆ?

ಕೊನೆಯದಾಗಿ, ಸಿಬ್ಬಂದಿಯೂ ಗಮನಿಸಬೇಕಾದ ವಿಷಯ. ಡೊಮೈನ್ ಹೆಸರನ್ನು ನಾವು ಶಾಶ್ವತವಾಗಿ ಕೊಳ್ಳುವುದಿಲ್ಲ. ಒಂದರಿಂದ ಹತ್ತು ವರ್ಷದ ಅವಧಿಗೆ ನೋಂದಾಯಿಸಿ, ನವೀಕರಿಸುತ್ತಾ ಹೋಗುತ್ತೇವೆ. ಸೈಟ್ ಮಾಡಿಕೊಟ್ಟ ಹುಡುಗನ ಸ್ವಂತ ಇಮೇಲ್‌ನಲ್ಲಿ ಸಂಸ್ಥೆಯ ಡೊಮೈನ್ ನೋಂದಣಿಯಾಗಿದ್ದರೆ ನವೀಕರಣದ ಸೂಚನೆ ಅವನಿಗೆ ಹೋಗುತ್ತದೆ, ಸಂಸ್ಥೆಗಲ್ಲ. ಅವನು ಊರು ಬಿಟ್ಟಿರಬಹುದು, ನಂಬರ್ ಬದಲಿಸಿರಬಹುದು. ಅವಧಿ ಮೀರಿದ ಹೆಸರನ್ನು ಕೊನೆಗೆ ಬೇರೆ ಯಾರು ಬೇಕಾದರೂ ಪಡೆಯಬಹುದು. ಪಡೆದವರು ಎಂಎಕ್ಸ್ ದಾಖಲೆಯನ್ನು ತಮ್ಮ ಸರ್ವರ್‌ಗೆ ತಿರುಗಿಸಿದರೆ, ಸಂಸ್ಥೆಗೆ ಬರಬೇಕಾದ ಇಮೇಲ್ ಎಲ್ಲ ಅವರಿಗೆ ಹೋಗುತ್ತದೆ. "ಪಾಸ್‌ವರ್ಡ್ ಮರೆತಿರುವಿರಾ" ಎಂದು ಒತ್ತಿದಾಗ ಬರುವ ಇಮೇಲ್ ಕೂಡ. ಸೈಟ್ ಕಳೆದರೆ ಮತ್ತೆ ಕಟ್ಟಬಹುದು. ಹೆಸರು ಕಳೆದರೆ ಅದರ ಮೇಲಿನ ನಂಬಿಕೆಯೂ ಕೈಬಿಡುತ್ತದೆ.

ಹಾಗಾಗಿ ನೀವು ಯಾರಿಗೇ ಸೈಟ್ ಮಾಡಿಕೊಟ್ಟರೂ ಡೊಮೈನ್ ಅವರ ಹೆಸರಿನಲ್ಲಿ, ಅವರ ಇಮೇಲ್‌ನಲ್ಲಿ ನೋಂದಣಿಯಾಗಲಿ. ಆ ಇಮೇಲ್ ಅದೇ ಡೊಮೈನ್‌ನದಾಗಿರಬಾರದು, ಡೊಮೈನ್ ನಿಂತರೆ ಅದೂ ನಿಲ್ಲುತ್ತದೆ. ರಿಜಿಸ್ಟ್ರಾರ್ ಖಾತೆಗೆ ಎರಡು ಹಂತದ ಲಾಗಿನ್ ಇರಲಿ. ನವೀಕರಣದ ದಿನಾಂಕ ಮತ್ತು ದಾಖಲೆಗಳ ಪಟ್ಟಿ ಕಚೇರಿಯ ಕಡತದಲ್ಲಿರಲಿ. ಇನ್ನೊಬ್ಬರ ಹೆಸರಿನ ಕೀಲಿ ನಮ್ಮ ಕೈಗೆ ಬಂದರೆ ಅದು ಅಮಾನತು, ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕು.

ಅಭ್ಯಾಸ

1. ಟಿಟಿಎಲ್ 14400 ಇರುವ ಎ ದಾಖಲೆಯನ್ನು ಮಧ್ಯಾಹ್ನ 3ಕ್ಕೆ ಬದಲಿಸಲಾಯಿತು. ಒಂದು ರಿಸಾಲ್ವರ್ 2:30ಕ್ಕೆ ಹಳೆಯ ಉತ್ತರ ಪಡೆದಿತ್ತು. ಅದು ಎಷ್ಟು ಗಂಟೆಯವರೆಗೆ ಹಳೆಯ ವಿಳಾಸ ಹೇಳುತ್ತದೆ?

2. ಒಂದು ಡೊಮೈನ್‌ಗೆ ಆದ್ಯತೆ 10 ಮತ್ತು 20 ಇರುವ ಎರಡು ಎಂಎಕ್ಸ್ ದಾಖಲೆಗಳಿವೆ. ಇಮೇಲ್ ಮೊದಲು ಯಾವುದಕ್ಕೆ ಹೋಗುತ್ತದೆ?

3. ಮೂಲ ಡೊಮೈನ್‌ಗೆ ಸಿನೇಮ್ ಏಕೆ ಹಾಕುವಂತಿಲ್ಲ?

4. ಸೈಟ್ ತೆರೆಯುತ್ತದೆ, ಇಮೇಲ್ ಬರುವುದಿಲ್ಲ. ಮೊದಲು ಯಾವ ದಾಖಲೆ ನೋಡುತ್ತೀರಿ?

5. ಪ್ರಯೋಗಾಲಯದಲ್ಲಿ ಎಕ್ಸಾಂಪಲ್.ಕಾಮ್‌ನ ವಿಳಾಸವನ್ನು ಎನ್‌ಎಸ್‌ಲುಕಪ್ ಮೂಲಕ ನಿಮ್ಮ ರಿಸಾಲ್ವರ್ ಮತ್ತು 8.8.8.8 ಎರಡರಿಂದಲೂ ಕೇಳಿ, ಉತ್ತರಗಳನ್ನು ಬರೆದು ಹೋಲಿಸಿ.

ಉತ್ತರಗಳು: (1) 14400 ಸೆಕೆಂಡ್ ಎಂದರೆ 4 ಗಂಟೆ, ಆದ್ದರಿಂದ ಸಂಜೆ 6:30ರವರೆಗೆ. (2) ಆದ್ಯತೆ 10 ಇರುವುದಕ್ಕೆ. (3) ಸಿನೇಮ್ ಇರುವ ಹೆಸರಿಗೆ ಬೇರೆ ದಾಖಲೆ ಇರುವಂತಿಲ್ಲ, ಮೂಲ ಡೊಮೈನ್‌ಗೆ ಎನ್‌ಎಸ್ ದಾಖಲೆ ಇರಲೇಬೇಕು. (4) ಎಂಎಕ್ಸ್. ಐದನೆಯದನ್ನು ನೀವೇ ಮಾಡಿ ನೋಡಿ.